ಬೇವಿನಮರದ ಸ್ಟಾಪಿನ ಬುತ್ತಿಗಳು

ಗಂಗಾವತಿಯಲ್ಲಿ ಕನಕಗಿರಿಯ ರಸ್ತೆಗೆ ಕಾಲೇಜಿನ ಕಾಂಪೌಂಡು ತಿರುಗುವ ಮೂಲೆಯೊಂದಿದೆ. ಅದಕ್ಕೆ ಇಂದಿಗೂ ಬೇವಿನಮರದ ಸ್ಟಾಪು ಎಂದೇ ಹೆಸರು. ಕೇಳಿಕೊಂಡು ಬಂದ ಹೊಸಬರು ಅತ್ತಿತ್ತ ನೋಡಿ ತಲೆ ಕೆರೆದುಕೊಳ್ಳುತ್ತಾರೆ. ಅಲ್ಲಿ ಬೇವಿನಮರವೂ ಇಲ್ಲ, ಸ್ಟಾಪೂ ಇಲ್ಲ. ಗಾಜು ಹೊದ್ದ ಎರಡಂತಸ್ತಿನ ಮಾರುಕಟ್ಟೆ ಕಟ್ಟಡವಿದೆ. ಅದರ ಮುಂದೆ ಉದ್ಘಾಟನೆಯ ಸಂಜೆ ಒಂದಿಷ್ಟು ನೀರು ಚಿಮ್ಮಿಸಿ ಆಮೇಲೆ ಬಾಯಿ ಮುಚ್ಚಿಕೊಂಡ ಕಾರಂಜಿಯಿದೆ. ರಸ್ತೆಯ ನಡುವೆ ಎಮ್ಮೆ ಕೂಡ ದಾಟಲು ಯೋಚನೆ ಮಾಡುವಷ್ಟು ಎತ್ತರದ ಡಿವೈಡರ್ ಇದೆ. ಊರವರು ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಾರೆ. ಮೂಗು ಮುರಿಯದವಳು ಒಬ್ಬಳೇ, ಸುಂಕಲಮ್ಮ. ಈ ಅಭಿವೃದ್ಧಿಯಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವಳೂ ಅವಳೇ.

ಸುಂಕಲಮ್ಮನ ತವರು ಹೇಮಗುಡ್ಡದ ಬುಡದಲ್ಲಿರುವ ಒಂದು ಸಣ್ಣ ಊರು. ಅಪ್ಪ ಕುರಿ ಕಾಯುತ್ತಿದ್ದ. ತಾಯಿ ಬೇಗ ತೀರಿಕೊಂಡಿದ್ದರಿಂದ ರೊಟ್ಟಿ ಬಡಿಯಲು ಕೈಗೆ ಕಸುವು ಬರುವ ಮೊದಲೇ ಒಲೆ ಅವಳ ಪಾಲಿಗೆ ಬಂತು. ಸಾಲೆಯ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ಹಿಂದೆ ಗುಡ್ಡ ಹತ್ತಿದಳು. ಮಧ್ಯಾಹ್ನ ಕುರಿ ಕಾಯುವ ಮಕ್ಕಳೆಲ್ಲ ಹಳ್ಳದ ದಂಡೆಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಪ್ರತಿಯೊಬ್ಬರ ಬುತ್ತಿಯಲ್ಲೂ ಅವರವರ ತಾಯಿ ರೊಟ್ಟಿಯ ಮಡಿಕೆಯೊಳಗೆ ಏನಾದರೊಂದು ಮುಚ್ಚಿಟ್ಟಿರುತ್ತಿದ್ದಳು. ಒಂದು ದಿನ ಬೆಲ್ಲದ ಚೂರು, ಇನ್ನೊಂದು ದಿನ ಮಾವಿನಕಾಯಿಯ ಹೋಳು. ಅದು ಸಿಕ್ಕಿದಾಗ ಆ ಮಕ್ಕಳ ಮುಖ ಅರಳುವುದನ್ನು ಸುಂಕಲಮ್ಮ ನೋಡುತ್ತಿದ್ದಳು. ಅವಳ ಬುತ್ತಿ ಅವಳೇ ಕಟ್ಟಿಕೊಂಡಿದ್ದು. ಒಳಗೇನಿದೆ ಎಂಬುದು ಬಿಚ್ಚುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು.

ಮನೆಯಲ್ಲಿ ಅಜ್ಜಿ ಪಾರಮ್ಮನೊಬ್ಬಳಿದ್ದಳು. ಅವಳಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಆದರೆ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. ನೆರೆಮನೆಯವರು ಪಲ್ಯವನ್ನೋ ಸಾರನ್ನೋ ಕೊಟ್ಟು ಕಳಿಸಿದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿರಲಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಸಿಮೆಣಸಿನಕಾಯಿಯಾದರೂ ಒಳಗೆ ಬೀಳಬೇಕು. ಮುಚ್ಚಳ ತೆಗೆದು ಕೈಯಾಡಿಸಿ ನೋಡಿಯೇ ಅವಳು ಪಾತ್ರೆ ಕಳಿಸುತ್ತಿದ್ದಳು. ಪಾರಮ್ಮ ಬಿಟ್ಟುಹೋದ ಆಸ್ತಿ ಎಂದರೆ ಅದೊಂದೇ.

ಮದುವೆಯಾಗಿ ಗಂಗಾವತಿಗೆ ಬಂದಳು. ಗಂಡ ರಾಮಾಂಜನೇಯ ಅಕ್ಕಿ ಗಿರಣಿಯಲ್ಲಿ ಹಮಾಲ. ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಹೆಗಲೊಳಗೆ ಇಳಿದುಹೋಗಿದೆ ಎಂದು ಸುಂಕಲಮ್ಮ ಚೇಷ್ಟೆ ಮಾಡುತ್ತಾಳೆ. ಮೊದಲು ಅವಳೂ ಭತ್ತದ ನಾಟಿಗೆ ಹೋಗುತ್ತಿದ್ದಳು. ಮಗಳು ಗೀತಾ ಹುಟ್ಟಿದ ಮೇಲೆ ನೀರಲ್ಲಿ ನಿಲ್ಲುವುದು ಸಾಕೆನಿಸಿ ಒಂದು ತಳ್ಳುಬಂಡಿ ಹೊಂದಿಸಿಕೊಂಡು ಕಾಲೇಜಿನ ಮೂಲೆಯ ಬೇವಿನಮರದ ಕೆಳಗೆ ನಿಂತಳು. ಬೆಳಗಿನ ಹೊತ್ತಿಗೆ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ಭಜಿ. ಸಂಜೆಗೆ ಮಿರ್ಚಿಯ ಜೊತೆ ಚಹಾ. ಅವಳ ಮಿರ್ಚಿಯ ಖಾರಕ್ಕೆ ಕಾಲೇಜಿನ ಹುಡುಗರು ಹಾ ಹೂ ಎನ್ನುತ್ತಲೇ ಇನ್ನೊಂದಕ್ಕೆ ಕೈಚಾಚುತ್ತಿದ್ದರು. ಆ ಬಂಡಿಯ ಮೇಲೆಯೇ ಗೀತಾಳ ಓದು, ಬರಹ, ಮದುವೆ ಎಲ್ಲ ಆಯಿತು. ಅವಳೀಗ ಕುಷ್ಟಗಿಯಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಬಂಡಿಯ ಒಂದು ಗಾಲಿ ಮಾತ್ರ ಮೊದಲಿನಿಂದಲೂ ಸೊಟ್ಟ. ಅದನ್ನು ತಳ್ಳಿಕೊಂಡು ಮನೆಗೆ ಹೋಗುವಾಗ ಪೇಟೆಯ ಅಂಗಡಿಯವರು ಧಡಾರನೆ ಶಟರ್ ಎಳೆದು ಬೀಗ ಹಾಕಿ ಕೈ ಬೀಸಿಕೊಂಡು ಹೋಗುವುದನ್ನು ನೋಡಿ ಸುಂಕಲಮ್ಮನ ಜೀವ ಹಂಬಲಿಸುತ್ತಿತ್ತು. ಆಯುಷ್ಯದಲ್ಲಿ ಒಂದು ಸಲ ತಾನೂ ಹಾಗೆ ಶಟರ್ ಎಳೆಯಬೇಕು. ಬೇರೆ ಆಸೆ ಅವಳಿಗಿರಲಿಲ್ಲ.

ಬುತ್ತಿಯ ಕತೆ ಶುರುವಾಗಿದ್ದು ಒಂದು ಜ್ವರದಿಂದ. ಹುಲಿಹೈದರದ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬಂದ ಹುಡುಗರು ಊರಲ್ಲಿ ರೂಮು ಹಿಡಿದು ಇರುತ್ತಾರೆ. ಅನ್ನವನ್ನು ಹೇಗೋ ಬೇಯಿಸಿಕೊಳ್ಳುತ್ತಾರೆ, ರೊಟ್ಟಿ ಬಡಿಯಲು ಬರುವುದಿಲ್ಲ. ಹೀಗಾಗಿ ಅವರ ತಾಯಂದಿರು ನಸುಕಿಗೆದ್ದು ರೊಟ್ಟಿ, ಪಲ್ಯ, ಚಟ್ನಿಯನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಹಳೇ ಸೀರೆಯ ತುಂಡಿನಲ್ಲಿ ಗಂಟುಕಟ್ಟಿ ಮುಂಜಾನೆಯ ಬಸ್ಸಿಗೆ ಕೊಡುತ್ತಾರೆ. ಬಸ್ಸು ಬೇವಿನಮರದ ಕೆಳಗೆ ನಿಂತಾಗ ಮಕ್ಕಳು ಇಸಿದುಕೊಳ್ಳುತ್ತಾರೆ. ಒಂದು ದಿನ ಹನಮೇಶ ಎಂಬ ಹುಡುಗ ಜ್ವರ ಬಂದು ಮಲಗಿದ್ದ. ಬುತ್ತಿ ಇಸಿದುಕೊಳ್ಳಲು ಯಾರೂ ಇರಲಿಲ್ಲ. ಕಂಡಕ್ಟರ್ ಕಳಕಪ್ಪ ಅತ್ತಿತ್ತ ನೋಡಿ, ಅದನ್ನು ಸುಂಕಲಮ್ಮನ ಬಂಡಿಯ ಮೇಲಿಟ್ಟು ಸೀಟಿ ಊದಿಯೇಬಿಟ್ಟ. ಅವಳು ವಿಚಾರಿಸಿ ಆ ಬುತ್ತಿಯನ್ನು ಹುಡುಗನ ರೂಮಿಗೆ ಮುಟ್ಟಿಸಿದಳು. ಮರುದಿನದಿಂದ ಕಳಕಪ್ಪನಿಗೆ ಅದೇ ಸಲೀಸಾಯಿತು. ಎಲ್ಲರ ಬುತ್ತಿಯೂ ಬಂಡಿಗೇ ಬಂತು. ಹುಡುಗರು ಕ್ಲಾಸಿನ ನಡುವೆ ಬಿಡುವಾದಾಗ ಬಂದು ತಮ್ಮ ಗಂಟು ಒಯ್ಯುತ್ತಿದ್ದರು, ಹಿಂದಿನ ದಿನದ ಖಾಲಿ ಡಬ್ಬಿ ಇಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಅದೇ ಬಸ್ಸು ಊರಿಗೆ ಮರಳುವಾಗ ಕಳಕಪ್ಪ ಖಾಲಿ ಡಬ್ಬಿಗಳನ್ನು ಏರಿಸಿಕೊಳ್ಳುತ್ತಿದ್ದ.

ಮೊದಲ ದಿನ ಹನಮೇಶನ ಖಾಲಿ ಡಬ್ಬಿ ಕೈಗೆ ಬಂದಾಗ ಸುಂಕಲಮ್ಮ ಮುಚ್ಚಳ ತೆಗೆದು ನೋಡಿದಳು. ಗಂಡುಹುಡುಗರ ತೊಳೆತ ಎಂದರೆ ಎಷ್ಟು? ಮತ್ತೊಮ್ಮೆ ತೊಳೆದು ಒರೆಸಿದಳು. ಮುಚ್ಚಳ ಹಾಕಲು ಹೋದರೆ ಕೈ ಏಳಲಿಲ್ಲ. ಅಜ್ಜಿ ಪಾರಮ್ಮ ಪಕ್ಕದಲ್ಲೇ ಕೂತು ಕೈಯಾಡಿಸಿ ನೋಡಲು ಕಾಯುತ್ತಿದ್ದಾಳೆ ಅನಿಸಿತು. ಚಹಾಕ್ಕೆಂದು ಇಟ್ಟಿದ್ದ ಡಬ್ಬಿಯಿಂದ ಒಂದು ಹಿಡಿ ಸಕ್ಕರೆ ತೆಗೆದು ಕಾಗದದಲ್ಲಿ ಸುತ್ತಿ ಒಳಗಿಟ್ಟಳು. ಅಂದಿನಿಂದ ಅವಳ ಬಂಡಿಯಿಂದ ಒಂದು ಡಬ್ಬಿಯೂ ಖಾಲಿ ಹೋಗಲಿಲ್ಲ. ಸಕ್ಕರೆ ಇಲ್ಲದ ದಿನ ಹುರಿಗಡಲೆ, ಅವಳ ಬಾಯಲ್ಲಿ ಪುಠಾಣಿ, ಅದೂ ಇಲ್ಲದಿದ್ದರೆ ಒಂದು ನಿಂಬೆಹಣ್ಣು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಗುಟ್ಟೆಂದು ಮುಚ್ಚಿಟ್ಟದ್ದಲ್ಲ, ಬಂಡಿ ಒರೆಸುವುದನ್ನು ಯಾರಾದರೂ ಊರಿಗೆಲ್ಲ ಹೇಳುತ್ತಾರೆಯೇ?

ಹನಮೇಶ ಓದು ಮುಗಿಸಿ ಲೈನ್‌ಮನ್ ಆಗಿ ಸಿಂಧನೂರಿನ ಕಡೆ ಹೋದ. ಅವನ ಹಿಂದೆ ಎಷ್ಟೋ ಹುಡುಗ ಹುಡುಗಿಯರು ಬಂದರು, ಹೋದರು. ಇತ್ತೀಚೆಗೆ ಹನಮೇಶನ ಕೊನೆಯ ತಂಗಿ ಶೈಲಶ್ರೀ ಡಿಗ್ರಿಗೆ ಸೇರಿದಳು. ಅದೇ ತಾಯಿ, ಅದೇ ಡಬ್ಬಿ, ಸೀರೆಯ ತುಂಡು ಮಾತ್ರ ಬೇರೆ. ತಾಯಿಯ ಹೆಸರು ಹಂಪವ್ವ ಎಂದು ಸುಂಕಲಮ್ಮನಿಗೆ ಗೊತ್ತಿತ್ತು, ಮುಖ ನೋಡಿರಲಿಲ್ಲ. ಆದರೆ ಅವಳ ಕೈಯ ಶೇಂಗಾ ಚಟ್ನಿಯ ವಾಸನೆ ಗಂಟು ಬಿಚ್ಚದೆಯೂ ಗೊತ್ತಾಗುತ್ತಿತ್ತು.

ಹೀಗಿರುವಾಗ ಮೂಲೆಗೆ ಅಭಿವೃದ್ಧಿ ಬಂತು. ನಗರಸಭೆಯವರು ಶಾಮಿಯಾನ ಹಾಕಿ ಸಭೆ ಕರೆದರು. ದೊಡ್ಡ ಫ್ಲೆಕ್ಸಿನ ಮೇಲೆ ಚಿತ್ರವಿತ್ತು: ಗಾಜಿನ ಕಟ್ಟಡ, ಚಿಮ್ಮುವ ಕಾರಂಜಿ, ಗಂಗಾವತಿಯಲ್ಲಿ ಯಾರೂ ಕಂಡಿರದಂಥ ಬೆಳ್ಳನೆಯ ಜನ ಕೈಯಲ್ಲಿ ಚೀಲ ಹಿಡಿದು ನಡೆಯುತ್ತಿದ್ದರು. ಬೀದಿ ವ್ಯಾಪಾರಿಗಳಿಗೆಲ್ಲ ಒಳಗೆ ಮಳಿಗೆ ಕೊಡುತ್ತೇವೆ, ನಿಮಗೇನು ಬೇಕು ಹೇಳಿ ಎಂದರು. ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಸುಂಕಲಮ್ಮ. ಶಟರ್ ಇರಬೇಕು ಅಂದಳು. ಬಳೆ ಮಾರುವ ಹಸೀನಾಬೇಗಂ ತನಗೂ ಶಟರ್ ಇರಲಿ ಅಂದಳು. ಹಣ್ಣಿನವನು, ಚಪ್ಪಲಿ ಹೊಲಿಯುವವನು ಎಲ್ಲರೂ ಶಟರ್ ಶಟರ್ ಎಂದು ಒಂದೇ ರಾಗ ಹಾಡಿದರು. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬಸ್ಸು ನಿಲ್ಲುವುದು ಸೂರ್ಯ ಹುಟ್ಟುವಂಥ ಸಂಗತಿ ಎಂದೇ ಎಲ್ಲರೂ ತಿಳಿದಿದ್ದರು.

ಮರ ಕಡಿಯುವ ದಿನ ಸುಂಕಲಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಇಷ್ಟು ವರ್ಷ ನೆರಳು ಕೊಟ್ಟಿದ್ದಕ್ಕೆ ಕೈಮುಗಿದಳು. ಕೊಡಲಿಯ ಮೊದಲ ಪೆಟ್ಟು ಬಿದ್ದಾಗ ಅಳು ತಡೆಯಲಾಗದೆ ಸೆರಗು ಬಾಯಿಗೊತ್ತಿಕೊಂಡು ಮನೆಗೆ ನಡೆದಳು. ಶಟರಿನ ನೆನಪು ಮಾಡಿಕೊಂಡು ಸಮಾಧಾನವಾಗುವ ಹೊತ್ತಿಗೆ ಸಂಜೆಯಾಗಿತ್ತು.

ಕಟ್ಟಡ ಎದ್ದಿತು. ಚೀಟಿ ಎತ್ತಿದಾಗ ಸುಂಕಲಮ್ಮನಿಗೆ ಮೇಲಂತಸ್ತಿನ ತುದಿಯ ಮಳಿಗೆ ಬಂತು. ಇರಲಿ, ಮೇಲಿದ್ದರೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅವಳೇ ಎಲ್ಲರಿಗೂ ಸಮಾಧಾನ ಹೇಳಿದಳು. ಮೊದಲ ಸಂಜೆ ಶಟರ್ ಎಳೆದಾಗ ಆದ ಸದ್ದಿಗೆ ಅವಳ ಕಾಲು ನೆಲಕ್ಕೆ ಹತ್ತಲಿಲ್ಲ. ಮತ್ತೆ ಎತ್ತಿ ಮತ್ತೊಮ್ಮೆ ಎಳೆದಳು. ರಾಮಾಂಜನೇಯ ಕೆಳಗೆ ನಿಂತು, ಇವತ್ತು ಮನೆಗೆ ಬರುತ್ತೀಯೋ ಇಲ್ಲ ಶಟರಿನ ಜೊತೆಗೇ ಸಂಸಾರ ಮಾಡುತ್ತೀಯೋ ಎಂದು ಕೂಗಿದ.

ಖುಷಿ ಬಹಳ ದಿನ ಬಾಳಲಿಲ್ಲ. ಬಿಸಿ ಮಿರ್ಚಿಗೆಂದು ಮೆಟ್ಟಿಲು ಹತ್ತುವವರು ಯಾರು? ಮೊದಲ ವಾರ ಕಾಲೇಜಿನ ಹುಡುಗರು ಪ್ರೀತಿಗೆಂದು ಹತ್ತಿ ಬಂದರು, ಆಮೇಲೆ ರಸ್ತೆಯಾಚೆ ಹೊಸದಾಗಿ ಎದ್ದ ಗೋಬಿಯ ಬಂಡಿಗೆ ಹೋದರು. ಗಾಜಿನ ಗೋಡೆಗೆ ಕಿಟಕಿಯೇ ಇರಲಿಲ್ಲ. ಅವಳು ಎಣಿಸಿದ್ದ ಗಾಳಿ ಹೊರಗೇ ಉಳಿಯಿತು. ಪಕ್ಕದ ಮಳಿಗೆಗಳು ಒಂದೊಂದೇ ಮುಚ್ಚಿದವು, ಅಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಹಸೀನಾಬೇಗಂ ತನ್ನ ಬೀಗದ ಕೈ ಒಪ್ಪಿಸಿ ಬಳೆಯ ಬುಟ್ಟಿ ಹೊತ್ತು ಮತ್ತೆ ಬೀದಿಗಿಳಿದಳು. ಮಳಿಗೆಯನ್ನು ದಿನವೂ ತೆರೆದಿಡದಿದ್ದರೆ ಕಸಿದುಕೊಂಡು ಬೇರೆಯವರಿಗೆ ಕೊಡುವುದಾಗಿ ನಿಯಮವಿತ್ತು. ಹೀಗಾಗಿ ಸುಂಕಲಮ್ಮ ಬೆಳಗಿನಿಂದ ಸಂಜೆಯವರೆಗೆ ಎಣ್ಣೆಯ ಬಾಣಲೆಯ ಮುಂದೆ ಒಬ್ಬಳೇ ಕೂರುವಂತಾಯಿತು.

ಅದನ್ನೂ ಅವಳು ಸಹಿಸುತ್ತಿದ್ದಳು. ಸಹಿಸಲು ಆಗದ್ದು ಇನ್ನೊಂದಿತ್ತು. ಡಿವೈಡರ್ ಬಂದ ಮೇಲೆ ಬಸ್ಸು ಮೂಲೆಯಲ್ಲಿ ನಿಲ್ಲುವಂತಿರಲಿಲ್ಲ. ಹೊಸ ಸ್ಟಾಪನ್ನು ಊರಾಚೆ ಪೆಟ್ರೋಲ್ ಬಂಕಿನ ಹತ್ತಿರ ಮಾಡಿದ್ದರು. ಅಲ್ಲಿ ನಾಲ್ಕು ಕಂಬದ ಮೇಲೊಂದು ತಗಡು, ಕೆಳಗೆ ಕೂತರೆ ಸುಡುವ ಸ್ಟೀಲಿನ ಬೆಂಚು. ಕಳಕಪ್ಪ ಬುತ್ತಿಗಳನ್ನು ಆ ಬೆಂಚಿನ ಮೇಲಿಟ್ಟು ಹೋಗುತ್ತಿದ್ದ. ಕ್ಲಾಸು ಬಿಟ್ಟು ಅಷ್ಟು ದೂರ ಓಡಿಬರಲು ಎಲ್ಲರಿಗೂ ಆಗುತ್ತಿರಲಿಲ್ಲ. ಶೈಲಶ್ರೀಯಂಥ ಕೆಲವರು ಮಾತ್ರ ಹೇಗೋ ಬಂದು ಬುತ್ತಿ ಒಯ್ಯುತ್ತಿದ್ದರು, ಖಾಲಿ ಡಬ್ಬಿಯನ್ನು ತಾವೇ ಬಸ್ಸಿಗೆ ಏರಿಸುತ್ತಿದ್ದರು. ಕೆಲವು ಬುತ್ತಿ ನಾಯಿಯ ಪಾಲಾದವು, ಕೆಲವು ಡಬ್ಬಿಗಳೇ ಮಾಯವಾದವು. ಅರ್ಧಕ್ಕರ್ಧ ತಾಯಂದಿರು ಕಳಿಸುವುದನ್ನೇ ನಿಲ್ಲಿಸಿದರು. ಹುಡುಗರು ಗೋಬಿ ತಿಂದು ಹೊಟ್ಟೆ ಹಿಡಿದುಕೊಂಡರು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹುಲಿಹೈದರದ ಬಸ್ಸು ಮೂಲೆ ದಾಟುವಾಗ ಡ್ರೈವರ್ ಹಳೇ ರೂಢಿಗೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಸುಂಕಲಮ್ಮ ಗಾಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಮೇಲಿನಿಂದ ಬಸ್ಸಿನ ಚಾವಣಿ ಮಾತ್ರ ಕಾಣುತ್ತಿತ್ತು. ಅದು ನಿಲ್ಲದೆ ಹೋದಾಗ ದಿನವೂ ಗಾಜಿಗೆ ಹಣೆ ಹಚ್ಚಿ, ಮರೆಯಾಗುವವರೆಗೆ ನೋಡುತ್ತಿದ್ದಳು.

ಹೊಸ ಸ್ಟಾಪಿಗೆ ಬಂಡಿ ಒಯ್ಯುತ್ತೇನೆ, ಬುತ್ತಿಗಳಿಗೊಂದು ದಿಕ್ಕಾಗುತ್ತದೆ ಎಂದು ಒಂದು ದಿನ ಗಂಡನ ಮುಂದೆ ಬಾಯಿ ಬಿಟ್ಟಳು. ರಾಮಾಂಜನೇಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

“ಶಟರ್ ಬೇಕು ಅಂತ ಜೀವಮಾನ ಬಡಕೊಂಡಿ. ಬಂತು. ಈಗ ಅದನ್ನ ಬಿಟ್ಟು ಮತ್ತ ಬಿಸಲಾಗ ನಿಂತರ ಊರು ನಗತೈತಿ. ಮತ್ತ ಈ ಮಳಿಗಿ ತಿರುಗಿ ಸಿಗಂಗಿಲ್ಲ, ತಿಳ್ಕೊ.”

ಅವನು ಹೇಳಿದ್ದು ಸುಳ್ಳಲ್ಲ. ಎರಡನ್ನೂ ಹಿಡಿಯುವಂತಿರಲಿಲ್ಲ. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಅಲ್ಲಿದ್ದರೆ ಇಲ್ಲಿ ಶಟರ್ ಮುಚ್ಚಿರುತ್ತದೆ. ಇಲ್ಲಿದ್ದರೆ ಬುತ್ತಿ ಬಿಸಿಲಿಗೆ ಬೀಳುತ್ತದೆ. ಸುಂಕಲಮ್ಮ ಮಾತು ನುಂಗಿಕೊಂಡು ಮರುದಿನವೂ ಮೆಟ್ಟಿಲು ಹತ್ತಿದಳು. ಶಟರ್ ಎತ್ತುವಾಗ ಮೊದಲಿನಂತೆ ಮೈ ಜುಮ್ಮೆನ್ನಲಿಲ್ಲ. ಯಾರದೋ ಮಕ್ಕಳ ಬುತ್ತಿಗೆಂದು ಕೈಗೆ ಬಂದ ಅಂಗಡಿ ಬಿಡುವುದೇ ಎಂದು ಒಂದು ಮನಸ್ಸು ಕೇಳುತ್ತಿತ್ತು, ಅವರೇನು ಯಾರದೋ ಮಕ್ಕಳೇ ಎಂದು ಇನ್ನೊಂದು ಮನಸ್ಸು ಅದರ ಮೇಲೆ ಹರಿಹಾಯುತ್ತಿತ್ತು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಬಂದವಳು ಶೈಲಶ್ರೀ. ಅವಳ ಹಿಂದೆ ಏದುಸಿರು ಬಿಡುತ್ತ, ಪಕ್ಕದ ಕಂಬಿ ಹಿಡಿದುಕೊಂಡು ಒಬ್ಬ ಹೆಣ್ಣುಮಗಳು ಹತ್ತಿ ಬಂದಳು. ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ. ಶೈಲಶ್ರೀ ಪರಿಚಯ ಮಾಡಿಸುವ ಅಗತ್ಯವೇ ಬೀಳಲಿಲ್ಲ. ಶೇಂಗಾ ಚಟ್ನಿಯ ವಾಸನೆಗೆ ಸುಂಕಲಮ್ಮ ಎದ್ದು ನಿಂತು ಹಂಪವ್ವನಿಗೆ ನೀರು ಕೊಟ್ಟು ಕೂರಿಸಿದಳು.

ಹಂಪವ್ವ ಯಾಕೆ ಬಂದಿದ್ದಾಳೆಂದು ಶೈಲಶ್ರೀಗೂ ಗೊತ್ತಿರಲಿಲ್ಲ. ಕಾಲೇಜಿನ ಗೇಟಿನಲ್ಲಿ ತಾಯಿಯನ್ನು ಕಂಡು ಹುಡುಗಿ ಗಾಬರಿಯಾಗಿದ್ದಳು. ಕೂತು ಮಾತಾಡಲು ಬೇರೆ ಜಾಗವಿಲ್ಲದೆ ಇಲ್ಲಿಗೆ ಕರೆತಂದಿದ್ದಳು. ನೀರು ಕುಡಿದು ಸುಧಾರಿಸಿಕೊಂಡ ಹಂಪವ್ವ ಮಗಳ ಕೈ ಹಿಡಿದುಕೊಂಡಳು. ಯಲಬುರ್ಗಾದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಈ ಬೇಸಿಗೆಗೇ ಮುಗಿಸೋಣ ಎಂದು ಮನೆಯಲ್ಲಿ ಮಾತಾಗಿತ್ತು. ಇದು ಶೈಲಶ್ರೀಗೆ ಗೊತ್ತಿತ್ತು. ಡಿಗ್ರಿ ಮುಗಿಯಲಿ ಎಂದು ಹೇಳಬೇಕೆಂದಿದ್ದಳು, ಅಪ್ಪನ ಮುಂದೆ ಬಾಯಿ ಬಂದಿರಲಿಲ್ಲ. ಅಷ್ಟರಲ್ಲಿ ಡಬ್ಬಿ ಖಾಲಿ ಬರಲು ಶುರುವಾಯಿತು.

“ಬಾಯಿಲೆ ಹೇಳಾಕ ಅಂಜಿ ನನ್ನ ಮಗಳು ಡಬ್ಬಿಲೆ ಹೇಳ್ಯಾಳ ನೋಡ್ರಿ ಯಕ್ಕಾ,” ಎಂದಳು ಹಂಪವ್ವ. “ಹನಮೇಶ ಇದ್ದಾಗಿಂದ ಒಂದ ದಿನಾನೂ ನನ್ನ ಡಬ್ಬಿ ಖಾಲಿ ಬಂದಿದ್ದಿಲ್ಲ. ಈಗ ದಿನಾ ಖಾಲಿ. ನನ್ನ ಕೂಸು ನನ್ನ ಮ್ಯಾಲೆ ಮುನಿಸ್ಯಾಳ ಅಂತ ತಿಳೀತು. ಗಂಡಿನ ಕಡೇರಿಗೆ ಈಗ ಬ್ಯಾಡ, ಓದು ಮುಗೀಲಿ ಅಂತ ಹೇಳಿ ಕಳಿಸಿ ಬಂದೀನಿ.”

ಶೈಲಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಬೇಡಿಕೊಳ್ಳಲು ಅಂಜುತ್ತಿದ್ದ ಮಾತು ತಾನಾಗಿಯೇ ನೆರವೇರಿತ್ತು. ಸುಮ್ಮನಿದ್ದಿದ್ದರೆ ಚೆಲೋ ಇತ್ತು, ಆದರೆ ಸುಳ್ಳು ಹೇಳಿ ರೂಢಿಯಿಲ್ಲದ ಹುಡುಗಿ.

“ಯವ್ವಾ, ಡಬ್ಬ್ಯಾಗ ನಾ ಏನೂ ಹಾಕತಿದ್ದಿಲ್ಲ. ಯಾವತ್ತೂ ಹಾಕಿಲ್ಲ.”

ಹಂಪವ್ವ ಮಗಳ ಮುಖ ನೋಡಿದಳು. ಮಗಳು ಸುಂಕಲಮ್ಮನ ಮುಖ ನೋಡಿದಳು. ಸುಂಕಲಮ್ಮ ಬಾಣಲೆಯತ್ತ ತಿರುಗಿ ಜಾಲರಿಯಿಂದ ಬರೀ ಎಣ್ಣೆಯನ್ನು ಕೆದಕಿದಳು. ಅವಳಿಗೆ ಕಳ್ಳತನ ಮಾಡಿ ಸಿಕ್ಕಿಬಿದ್ದಂತಾಗಿತ್ತು. ಮಕ್ಕಳ ನೆನಪೆಂದು ತಾಯಂದಿರು ನಂಬಿಕೊಂಡದ್ದು ತನ್ನ ಸಕ್ಕರೆಯನ್ನು ಎಂಬುದು ಅವಳಿಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಯಾರ ಮನಸ್ಸನ್ನು ಮುರಿದೆನೋ ಎಂದು ಜಾಲರಿ ಕೆಳಗಿಟ್ಟಳು. ತಪ್ಪು ತಿಳಿಯಬೇಡಿ, ಬೇರೆಯವರ ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ನಮ್ಮ ಅಜ್ಜಿ ಕಲಿಸಿದ್ದಳು, ಹುಡುಗರಿಗೆ ಅದೆಲ್ಲ ನೆನಪಿರುವುದಿಲ್ಲ, ಅದಕ್ಕೇ ಹಾಕುತ್ತಿದ್ದೆ ಎಂದು ತಡವರಿಸಿ ಹೇಳಿದಳು.

ಹಂಪವ್ವ ಡಬ್ಬಿಯನ್ನು ಮಡಿಲಿಗೆಳೆದುಕೊಂಡಳು. ಆಮೇಲೆ ಹೇಳತೊಡಗಿದಳು. ಮಧ್ಯಾಹ್ನದ ಬಸ್ಸು ಹುಲಿಹೈದರಕ್ಕೆ ಬರುವ ಹೊತ್ತಿಗೆ ತಾಯಂದಿರೆಲ್ಲ ಸ್ಟಾಪಿನಲ್ಲಿ ಕೂಡುತ್ತಿದ್ದರಂತೆ. ಡಬ್ಬಿ ಇಸಿದುಕೊಂಡು ಅಲ್ಲೇ ಮುಚ್ಚಳ ತೆಗೆಯುತ್ತಿದ್ದರಂತೆ. ನನ್ನ ಮಗ ಸಕ್ಕರೆ ಕಳಿಸ್ಯಾನ, ನಿನ್ನ ಮಗಳು ಏನು ಕಳಿಸ್ಯಾಳ ಎಂದು ಒಬ್ಬರಿಗೊಬ್ಬರು ಇಣುಕಿ ನೋಡುತ್ತಿದ್ದರಂತೆ. ಪುಠಾಣಿ ಬಂದವಳು ಸಕ್ಕರೆ ಬಂದವಳ ಮುಂದೆ ಒಂದಿಷ್ಟು ಜಂಬ ಪಡುತ್ತಿದ್ದಳಂತೆ. ಒಂದು ಸಲ ನಿಂಬೆಹಣ್ಣು ಬಂದಾಗ, ಮಗನಿಗೆ ತನ್ನ ಪಿತ್ತದ ತಲೆನೋವು ನೆನಪಿದೆ ಎಂದು ಪಕ್ಕದ ಮನೆಯ ಅನ್ನಮ್ಮ ಕಣ್ಣೊರೆಸಿಕೊಂಡಳಂತೆ. ಹಂಪವ್ವ ಆ ಸಕ್ಕರೆಯನ್ನು ದೇವರ ಮುಂದಿಟ್ಟು, ಸಂಜೆಯ ಚಹಾಕ್ಕೆ ಹಾಕಿಕೊಂಡು ಕುಡಿದ ಮೇಲೆಯೇ ಹೊಲದ ದಣಿವು ಇಳಿಯುತ್ತಿತ್ತಂತೆ.

“ಇಷ್ಟು ವರ್ಷ ನಿಮ್ಮ ಸಕ್ಕರಿ ತಿಂದು ನಮ್ಮ ಮಕ್ಕಳನ್ನ ಹೊಗಳೀವಲ್ರಿ ಯಕ್ಕಾ,” ಎಂದು ಹಂಪವ್ವ ನಗಲು ಹೋದಳು. ನಗು ನಡುವೆಯೇ ಅಳುವಾಯಿತು. ಸುಂಕಲಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈಗೆ ಕಡಲೆಹಿಟ್ಟು ಮೆತ್ತಿತ್ತು, ಅದು ಹಂಪವ್ವನ ಹಣೆಗೂ ಹತ್ತಿತು. ಸುಂಕಲಮ್ಮ ಬೇಡ ಬೇಡ ಎನ್ನುತ್ತಲೇ ತಾನೂ ಅತ್ತಳು.

ಶೈಲಶ್ರೀ ಮೆಲ್ಲಗೆ, ಹಾಗಾದರೆ ಆ ಸಂಬಂಧದ ಮಾತು ಮತ್ತೆ ಎತ್ತುತ್ತೀಯಾ ಎಂದು ಕೇಳಿದಳು. ಹಂಪವ್ವ ಮೂಗೊರೆಸಿಕೊಂಡು, ಬೇಡ ಎಂದು ಹೇಳಿದ್ದಾಯಿತು, ಹೇಳಿದ ಮಾತನ್ನು ಇನ್ನು ಹೊಳ್ಳಿ ನುಂಗುವವಳು ತಾನಲ್ಲ, ಸುಮ್ಮನೆ ಓದು ಎಂದು ಗದರಿದಳು. ಸುಂಕಲಮ್ಮ ಮೂವರಿಗೂ ಮಿರ್ಚಿ ಕರಿದಳು. ಆ ಮಳಿಗೆಯಲ್ಲಿ ಅಷ್ಟು ಹೊತ್ತು ಕೂತ ಗಿರಾಕಿಗಳು ಅವರೇ. ಹೊರಡುವ ಮೊದಲು ಹಂಪವ್ವ ಮೆಟ್ಟಿಲ ಹತ್ತಿರ ನಿಂತು ತಿರುಗಿ ನೋಡಿದಳು.

“ಯಕ್ಕಾ, ನಿಮಗ ಯಾರು ಬುತ್ತಿ ಕಟ್ಟತಾರ?”

ಇದೆಂಥ ಪ್ರಶ್ನೆ ಎಂದು ಸುಂಕಲಮ್ಮ ನಕ್ಕುಬಿಟ್ಟಳು. “ನನಗ್ಯಾಕ್ರಿ ಬುತ್ತಿ? ಕೈಯಾಗ ಜಾಲರಿ ಐತಿ, ಮುಂದ ಬಾಣಲಿ ಐತಿ. ನಂದು ನಾನ ಕಟ್ಕೋತೀನಿ, ಸಣ್ಣಾಕಿ ಇದ್ದಾಗಿಂದ.”

ಹಂಪವ್ವ ಹೋದ ಮೇಲೆ ಸುಂಕಲಮ್ಮ ಸಂಜೆಯವರೆಗೆ ಕಾಯಲಿಲ್ಲ. ಒಲೆ ಆರಿಸಿ, ಮಳಿಗೆ ಗುಡಿಸಿ, ಶಟರ್ ಎಳೆದಳು. ಎಳೆದ ಮೇಲೆ ತಗಡಿಗೆ ಒಂದು ಸಲ ಕೈ ಸವರಿದಳು. ಆಸೆ ಇತ್ತು, ತೀರಿತು, ನಿನ್ನಿಂದ ನನಗೇನೂ ಕಡಿಮೆಯಾಗಿಲ್ಲ ಎಂದು ಮನಸ್ಸಿನಲ್ಲೇ ಹೇಳಿದಳು. ಬೀಗದ ಕೈ ಒಪ್ಪಿಸಿ ಮನೆಗೆ ಬಂದು ರಾಮಾಂಜನೇಯನಿಗೆ ಇದ್ದದ್ದು ಇದ್ದಂತೆ ಹೇಳಿದಳು. ಅವನು ಕೂಗಾಡುತ್ತಾನೆಂದು ಕಿವಿ ಗಟ್ಟಿಮಾಡಿಕೊಂಡಿದ್ದಳು. ಅವನು ಸಕ್ಕರೆಯ ಸುದ್ದಿಯನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಂಡಿಯ ಸೊಟ್ಟ ಗಾಲಿಯನ್ನು ಬಿಚ್ಚಿ ಬಡಿಯತೊಡಗಿದ. ಇಷ್ಟು ವರ್ಷ ಅದನ್ನು ಸರಿಮಾಡಲು ಅವನಿಗೆ ಪುರುಸೊತ್ತಾಗಿರಲಿಲ್ಲ. ಊರು ನಗುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಗಿರಣಿಯಲ್ಲಿ ಚೀಲ ಮುಚ್ಚುತ್ತಿದ್ದ ಹಳೇ ತಾಡಪತ್ರಿಯನ್ನು ನಾಲ್ಕು ಬಿದಿರಿಗೆ ಕಟ್ಟಿ ನೆರಳು ಮಾಡಿಕೊಟ್ಟವನೂ ಅವನೇ.

ಮರುದಿನ ಪೆಟ್ರೋಲ್ ಬಂಕಿನ ಹತ್ತಿರ ಬಂಡಿ ನಿಂತಿತು. ಬೇವಿನಮರದ ನೆರಳೆಲ್ಲಿ, ತಾಡಪತ್ರಿಯ ನೆರಳೆಲ್ಲಿ. ಬೆಳಗಿನ ಬಿಸಿಲೇ ಬೆನ್ನು ಸುಡುತ್ತಿತ್ತು. ಆದರೂ ಸುಂಕಲಮ್ಮನಿಗೆ ಉಸಿರು ಸಲೀಸಾಗಿ ಆಡುತ್ತಿತ್ತು. ಬಸ್ಸು ದೂರದಿಂದಲೇ ಎರಡು ಹಾರ್ನ್ ಹೊಡೆಯುತ್ತ ಬಂತು. ಕಳಕಪ್ಪ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ. ಹಿಂದಿನ ಸಂಜೆ ಊರಿಗೆ ಮರಳಿದವರ ಬಾಯಿಂದ ಸುದ್ದಿ ಬಸ್ಸಿಗಿಂತ ಮೊದಲೇ ಹುಲಿಹೈದರಕ್ಕೆ ಮುಟ್ಟಿತ್ತು. ನಿಂತುಹೋಗಿದ್ದ ಬುತ್ತಿಗಳೂ ಅಂದು ಬಂದಿದ್ದವು. ಅವನು ಒಂದೊಂದೇ ಗಂಟು ಇಳಿಸಿದ, ಅವಳು ಒಂದೊಂದನ್ನೂ ಇಸಿದುಕೊಂಡು ಇದು ಇಂಥವರದು, ಇದು ಇಂಥವರದು ಎಂದು ಬಂಡಿಯ ಮೇಲೆ ಜೋಡಿಸಿದಳು. ಕೊನೆಗೊಂದು ಗಂಟು ಉಳಿಯಿತು. ಹಸಿರು ಇಳಕಲ್ ಸೀರೆಯ ತುಂಡು, ಶೇಂಗಾ ಚಟ್ನಿಯ ವಾಸನೆ. ಆದರೆ ಶೈಲಶ್ರೀಯ ಬುತ್ತಿ ಆಗಲೇ ಬಂಡಿಯ ಮೇಲಿತ್ತು.

ಇದು ಯಾರದೆಂದು ಅವಳು ಕೇಳಿದಳು.

“ನಿಮ್ಮದರಿ ಅಕ್ಕಾರ,” ಎಂದ ಕಳಕಪ್ಪ. “ಇನ್ನ ಮ್ಯಾಲೆ ದಿನಾ ಬರತೈತಿ. ಪಾಳಿ ಹಚ್ಕೊಂಡಾರ. ಇವತ್ತು ಹಂಪವ್ವಂದು, ನಾಳೆ ಅನ್ನಮ್ಮಂದು.” ಸೀಟಿ ಊದಿದ. ಬಸ್ಸು ಹೋಯಿತು.

ಗಿರಾಕಿಗಳು ಕರಗುವವರೆಗೆ ಸುಂಕಲಮ್ಮ ಆ ಗಂಟನ್ನು ಮುಟ್ಟಲಿಲ್ಲ. ಆಗಾಗ ಅತ್ತ ಕಣ್ಣು ಹಾಯಿಸುತ್ತಿದ್ದಳು. ಹುಡುಗರೆಲ್ಲ ಬಂದು ತಮ್ಮ ತಮ್ಮ ಬುತ್ತಿ ಒಯ್ದ ಮೇಲೆ ತಾಡಪತ್ರಿಯ ನೆರಳಿಗೆ ಕೂತು, ಕೈ ತೊಳೆದು, ಗಂಟು ಬಿಚ್ಚಿದಳು. ಒಳಗೇನಿದೆಯೋ ಅವಳಿಗೆ ಗೊತ್ತಿರಲಿಲ್ಲ. ಬಿಳಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಚಟ್ನಿಯ ಮೇಲೆ ಗಟ್ಟಿ ಮೊಸರು. ರೊಟ್ಟಿಯ ಮಡಿಕೆ ತೆಗೆದಳು. ಒಳಗೊಂದು ಬೆಲ್ಲದ ಚೂರಿತ್ತು.

ಅದನ್ನು ಅವಳು ತಕ್ಷಣ ತಿನ್ನಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಮನಸ್ಸಾಗಲಿಲ್ಲ. ಆ ಮೇಲಿನ ಮಳಿಗೆಗೆ, ಅದರ ಮೆಟ್ಟಿಲಿಗೆ, ಡಿವೈಡರಿ‌ಗೆ, ಬತ್ತಿದ ಕಾರಂಜಿಗೂ ಅವಳು ಕೂತಲ್ಲಿಂದಲೇ ಕೈಮುಗಿದಳು. ಅವು ಬರದಿದ್ದರೆ ಡಬ್ಬಿ ಖಾಲಿ ಹೋಗುತ್ತಿರಲಿಲ್ಲ, ಹಂಪವ್ವ ಹುಡುಕಿಕೊಂಡು ಬರುತ್ತಿರಲಿಲ್ಲ, ಈ ವಯಸ್ಸಿನಲ್ಲಿ ತನಗೊಬ್ಬರು ಬುತ್ತಿ ಕಟ್ಟುತ್ತಿರಲಿಲ್ಲ. ಬೇರೆಯವರು ಏನಾದರೂ ಅನ್ನಲಿ, ಅವಳ ಪಾಲಿಗೆ ಅಭಿವೃದ್ಧಿ ಒಳ್ಳೆಯದನ್ನೇ ಮಾಡಿತ್ತು.

ಊಟ ಮುಗಿಸಿ ಡಬ್ಬಿ ತೊಳೆದು ಒರೆಸಿದಳು. ಬೇರೆ ಡಬ್ಬಿಗಳಿಗೆಲ್ಲ ಸಕ್ಕರೆ ಹಾಕಿ ಮುಚ್ಚಿಯಾಗಿತ್ತು. ಇದಕ್ಕೇನು ಹಾಕುವುದೆಂದು ಮಾತ್ರ ಹೊಳೆಯಲಿಲ್ಲ. ಮಿರ್ಚಿ ಇಟ್ಟರೆ ಊರು ಮುಟ್ಟುವಷ್ಟರಲ್ಲಿ ಮೆತ್ತಗಾಗುತ್ತದೆ, ನಿಂಬೆಹಣ್ಣು ತೀರಿದೆ. ಬಸ್ಸು ಮರಳಿ ಬರುವ ಹಾರ್ನ್ ಕೇಳಿತು. ರೂಢಿಯಂತೆ ಒಂದು ಹಿಡಿ ಸಕ್ಕರೆಯನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟು ಮುಚ್ಚಳ ಹಾಕಿದಳು. ಕಳಕಪ್ಪ ಕೈ ಚಾಚಿದಾಗ ಒಂದು ಗಳಿಗೆ ನಿಲ್ಲು ಎಂದು ಹೇಳಿ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಮುಚ್ಚಳ ತೆಗೆದು ಇನ್ನೊಂದು ಹಿಡಿ ಹಾಕಿದಳು.

“ಮೊದಲಿನ ಹಿಡಿ ದಿನಾ ಮಕ್ಕಳ ಹೆಸರಿಲೆ ಹೋಗತಿತ್ತಲ್ಲ, ಅದು,” ಎಂದಳು. “ಈ ಎರಡನೇದು ನಂದು ಅಂತ ಹಂಪವ್ವಗ ಹೇಳು.”